ಪರಮೇಶಿಯ ಸಾಮೆ ಅಂಬಲಿ

ಹೊಸದುರ್ಗ ಡಿಪೋದ ಕಂಡಕ್ಟರ್ ಪರಮೇಶನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಹೊಳಲ್ಕೆರೆ, ಚಿತ್ರದುರ್ಗ, ಐಮಂಗಲ ದಾಟಿ ಹಿರಿಯೂರು ಮುಟ್ಟಿ, ಅದೇ ದಾರಿಯಲ್ಲಿ ಸಂಜೆಗೆ ವಾಪಸ್ಸಾಗುವ ಬಸ್ಸು ಅವನದು. ಸೀಟು ಖಾಲಿ ಬಿದ್ದಿದ್ದರೂ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಇರುತ್ತಿದ್ದ. ಹತ್ತಿದವರನ್ನು ಮಾತಿಗೆಳೆಯದೆ ಬಿಡುತ್ತಿರಲಿಲ್ಲ. ಮೊದಲೆಲ್ಲ ಮಳೆ, ಮದುವೆ, ಈರುಳ್ಳಿ ರೇಟು ಅಂತ ಸಾಗುತ್ತಿದ್ದ ಆ ಮಾತು ಕಳೆದ ವರ್ಷದಿಂದ ಊಟವೊಂದನ್ನು ಬಿಟ್ಟು ಬೇರೆ ಕಡೆ ಹೊರಳುತ್ತಿರಲಿಲ್ಲ.

ಅದಕ್ಕೆ ಕಾರಣವಿತ್ತು. ನೌಕರರ ಆರೋಗ್ಯ ತಪಾಸಣೆಯಲ್ಲಿ ಅವನಿಗೆ ಸಕ್ಕರೆ ಕಾಯಿಲೆ ಶುರುವಾಗಿರುವುದು ಕಂಡಿತ್ತು. ಅನ್ನ ಕಡಿಮೆ ಮಾಡಿ, ನಡೀರಿ, ಆಮೇಲೆ ನೋಡೋಣ ಅಂದಿದ್ದರು ಡಾಕ್ಟರು. ಪರಮೇಶನಿಗೆ 'ಆಮೇಲೆ' ಅನ್ನುವ ಮಾತೇ ಆಗಿಬರುವುದಿಲ್ಲ. ಆವತ್ತೇ ಮೊಬೈಲಿನಲ್ಲಿ ಯಾರದೋ ಭಾಷಣ ಕೇಳಿದ. ಅಕ್ಕಿ, ಗೋಧಿ, ಹಾಲು ಮೂರನ್ನೂ ಬಿಡಬೇಕು, ಬೆಳಿಗ್ಗೆ ಸಂಜೆ ಎರಡೇ ಹೊತ್ತು ಸಿರಿಧಾನ್ಯದ ಅಂಬಲಿ ಕುಡಿಯಬೇಕು, ಹುಟ್ಟಿದ ಮಗುವಿನಿಂದ ಮುದುಕರವರೆಗೆ ಎಲ್ಲರಿಗೂ ಇದೊಂದೇ ಊಟ ಎಂದು ಆ ಮನುಷ್ಯ ಹೇಳುತ್ತಿದ್ದ. ಹೊಸದುರ್ಗದ ಕಡೆ ಸಾಮೆಗೆ ಬರವಿಲ್ಲ. ಮಾರನೇ ದಿನದಿಂದಲೇ ಪರಮೇಶನ ಒಲೆಯ ಮೇಲೆ ಸಾಮೆ ಅಂಬಲಿ ಕೊತಕೊತ ಅನ್ನತೊಡಗಿತು.

ಕೆಲವೇ ತಿಂಗಳಲ್ಲಿ ಹೊಟ್ಟೆ ಕರಗಿತು. ಖಾಕಿ ಪ್ಯಾಂಟು ಬೆಲ್ಟಿಲ್ಲದೆ ನಿಲ್ಲದಾಯಿತು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಹತೋಟಿಗೆ ಬಂದಿತ್ತು. ಆ ಖುಷಿಯನ್ನು ಒಳಗೆ ಇಟ್ಟುಕೊಳ್ಳುವ ಜಾಯಮಾನ ಅವನದಲ್ಲ. ಟಿಕೆಟ್ ಹರಿದು ಕೊಡುತ್ತಲೇ, "ಕಾಲು ನೋವಾ? ಅನ್ನ ಬಿಡ್ರಿ. ಗ್ಯಾಸಾ? ಹಾಲು ಬಿಡ್ರಿ. ನನ್ನೇ ನೋಡ್ರಿ, ಹೆಂಗಿದ್ದೆ ಹೆಂಗಾದೆ," ಅನ್ನುತ್ತಿದ್ದ. ಕೆಲವರು ನಗುತ್ತಿದ್ದರು, ಕೆಲವರು ಆಸೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳುವವರು ಸಿಕ್ಕಷ್ಟೂ ಅವನಿಗೆ ಚಡಪಡಿಕೆ ಹೆಚ್ಚುತ್ತಿತ್ತು. ಲೋಕವೆಲ್ಲ ತಪ್ಪು ಉಣ್ಣುತ್ತಿದೆ, ತಾನು ಬೇಗ ಬೇಗ ಹೇಳಿ ಮುಗಿಸಬೇಕು ಎಂಬಂತೆ.

ಮನೆಯಲ್ಲಿ ಹೆಂಡತಿ ಜಯಶೀಲಾ ಒಂದು ವಾರ ಅಂಬಲಿ ಕುಡಿದು, "ನನಗೆ ಇದು ಒಗ್ಗಲ್ಲ, ನೀವು ಕುಡೀರಿ," ಎಂದು ಮುದ್ದೆಗೆ ಮರಳಿದಳು. ಅವಳ ಮೇಲೆ ಅವನ ಜೋರು ನಡೆಯುತ್ತಿರಲಿಲ್ಲ. ನಡೆದದ್ದು ತಾಯಿ ಏಕನಾಥಮ್ಮನ ಮೇಲೆ. ಕುರಿ ಹಿಂದೆ ಅಲೆದು ಬದುಕು ಕಳೆದ ಮುದುಕಿ, ಈಗ ಕಡ್ಡಿಯಂತೆ ಒಣಗಿದ್ದಳು. ಈ ಇಳಿವಯಸ್ಸಿನಲ್ಲಿ ಹಾಲನ್ನ ಕಲಸಿಕೊಂಡು ತಿನ್ನುವುದೊಂದೇ ಅವಳಿಗಿದ್ದ ಆಸೆ. ಪರಮೇಶ ಅದನ್ನು ನಿಲ್ಲಿಸಿ ಅಂಬಲಿಯ ಲೋಟ ಮುಂದಿಟ್ಟ. ಅವಳು ಲೋಟ ಖಾಲಿ ಮಾಡಿ, "ದೊಡ್ಡಕ್ಕನ ಮನೀಗೆ ಹೋಗಿ ಬರ್ತೀನಪ್ಪ," ಎಂದು ಪಕ್ಕದ ಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡಳು.

ಪರಮೇಶನ ಮಾತನ್ನು ಅಕ್ಷರಶಃ ನಂಬಿದವನು ಹಿರಿಯೂರಿನ ಮಹಮ್ಮದ್ ಗೌಸ್. ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಹಾಸಿಗೆ ಅಂಗಡಿ. ಹತ್ತಿ ಹಿಂಜುವ ಮಷಿನ್ನಿನ ಮುಂದೆ ದಿನವಿಡೀ ನಿಂತು, ಹಿಂಜಿದ ಹತ್ತಿಯನ್ನು ಹೊತ್ತು ತಂದು ಬಟ್ಟೆಗೆ ತುಂಬುವ ಕೆಲಸ. ಬಸ್ಸು ನಿಲ್ಲುವ ಹೊತ್ತಿನಲ್ಲಿ ಪರಮೇಶ ಅಲ್ಲಿಗೆ ಹೋಗಿ ಚಾ ಕುಡಿಯುವುದು ಹಳೆಯ ಪದ್ಧತಿ, ಈಗ ಅದು ಹಾಲಿಲ್ಲದ ಚಾ. ಗೌಸನಿಗೆ ಅವನಿಗಿಂತ ವಯಸ್ಸು ಹೆಚ್ಚು, ಸಕ್ಕರೆ ಕಾಯಿಲೆಯೂ ಹಳೆಯದು, ಊಟಕ್ಕೆ ಮುಂಚೆ ಮಾತ್ರೆ ನುಂಗುತ್ತಿದ್ದ.

"ಲೇ ಪರಮೇಶಿ, ನೀನು ಹೆಂಗೆ ಇಳ್ಸಿದೆ, ನನಗೂ ಹೇಳು," ಎಂದು ಅವನೇ ಕೇಳಿದ್ದ.

"ಮಧ್ಯಾಹ್ನದ ಊಟ ಬಿಟ್ಟುಬಿಡು ಗೌಸಣ್ಣ. ಎರಡು ಹೊತ್ತು ಅಂಬಲಿ. ಎರಡು ತಿಂಗಳಿಗೆ ಮಾತ್ರೆ ಬೇಡ ಅನ್ನಿಸ್ಕತ್ತೀಯ."

"ಮಾತ್ರೆ ಈಗ ನುಂಗ್ಲಾ ಬೇಡ್ವಾ?"

ಪರಮೇಶ ಕೇಳಿದ್ದ ಭಾಷಣದಲ್ಲಿ ಅದು ಬಂದಿರಲಿಲ್ಲ. ಹೊರಗೆ ಡ್ರೈವರ್ ಹಾರ್ನ್ ಹೊಡೆದ. "ಸದ್ಯಕ್ಕೆ ನುಂಗು, ಆಮೇಲೆ ನೋಡಾಣ," ಎಂದು ಹೇಳಿ ಓಡಿದ. ಮಾರನೇ ದಿನ ಸಾಮೆಯ ಚೀಲವನ್ನು ತಾನೇ ತಂದು ಕೊಟ್ಟ.

ಹತ್ತು ಹನ್ನೆರಡು ದಿನ ಗೌಸ್ ಹುರುಪಿನಿಂದಲೇ ಇದ್ದ. ಸ್ವಲ್ಪ ಕೈ ನಡುಗುತ್ತೆ, ಬೆವರು ಜಾಸ್ತಿ ಅಂದಾಗ, "ಒಳಗಿನ ಹೊಲಸು ಹೊರಗೆ ಬರ್ತಾ ಐತೆ, ಹೆದರಬ್ಯಾಡ," ಎಂದು ಪರಮೇಶ ಧೈರ್ಯ ತುಂಬಿದ. ಅದೂ ಭಾಷಣದಿಂದಲೇ ಬಂದ ಮಾತು.

ಒಂದು ಗುರುವಾರ ಬಸ್ಸು ಹಿರಿಯೂರು ತಲುಪಿದಾಗ ಹಾಸಿಗೆ ಅಂಗಡಿ ಅರ್ಧ ತೆರೆದಿತ್ತು. ಮಷಿನ್ ನಿಂತಿತ್ತು. ಹಿಂಜಿದ ಹತ್ತಿ ನೆಲದ ತುಂಬ ಚೆಲ್ಲಿತ್ತು, ಗಾಳಿಗೆ ಹೊಸ್ತಿಲವರೆಗೂ ಬಂದಿತ್ತು. ಎದುರಿನ ಚಾ ಅಂಗಡಿಯ ರೇವಣಸಿದ್ದಪ್ಪ ಹೇಳಿದ: "ಮಷಿನ್ ಮುಂದೇನೇ ಕುಸಿದು ಬಿದ್ರು. ಮೈಯೆಲ್ಲ ತಣ್ಣಗೆ, ಮಾತಾಡಿಸಿದ್ರೆ ಏನೇನೋ ಬಡಬಡಿಸ್ತಿದ್ರು. ಆಟೋದಾಗೆ ಹಾಕ್ಕಂಡು ಆಸ್ಪತ್ರೆಗೆ ಹೋದ್ರು."

ಪರಮೇಶ ರಸ್ತೆಗೆ ಓಡಿದ. ಆಸ್ಪತ್ರೆ ಎರಡು ಬೀದಿ ಆಚೆ. ಆದರೆ ಬಸ್ಸು ಹೊರಡುವ ಹೊತ್ತಾಗಿತ್ತು, ಜನ ಹತ್ತಿ ಕೂತಿದ್ದರು, ಡ್ರೈವರ್ ಎಂಜಿನ್ ಚಾಲೂ ಮಾಡಿದ್ದ. ಕಂಡಕ್ಟರ್ ಇಲ್ಲದೆ ಬಸ್ಸು ಹೋಗುವುದಿಲ್ಲ. ಒಂದು ಹೆಜ್ಜೆ ಆ ಕಡೆ, ಒಂದು ಹೆಜ್ಜೆ ಈ ಕಡೆ ಇಟ್ಟು, ಕೊನೆಗೆ ಬಸ್ಸು ಹತ್ತಿದ.

ಆ ಪ್ರಯಾಣದಷ್ಟು ಉದ್ದದ ಪ್ರಯಾಣವನ್ನು ಅವನು ಮಾಡಿರಲಿಲ್ಲ. ಗೌಸನ ಫೋನು ರಿಂಗಾಗುತ್ತಿತ್ತು, ಯಾರೂ ಎತ್ತುತ್ತಿರಲಿಲ್ಲ. ಐಮಂಗಲದಲ್ಲಿ ಹತ್ತಿದ ಹೆಂಗಸಿಗೆ ಹೊಳಲ್ಕೆರೆ ಟಿಕೆಟ್ ಕೊಡುವ ಬದಲು ಹಿರಿಯೂರಿನದು ಕೊಟ್ಟ. ಬೈಸಿಕೊಂಡ. ಚಿತ್ರದುರ್ಗದ ಸ್ಟ್ಯಾಂಡಿನಲ್ಲಿ ಕೆಳಗಿಳಿದು ಮತ್ತೆ ಫೋನು ಹಚ್ಚಿದ, ಇಲ್ಲ. ದಿನಾ ಬರುವ ಮೇಷ್ಟ್ರೊಬ್ಬರು, "ಏನಪ್ಪ ಕಂಡಕ್ಟ್ರೇ, ನಮ್ಮ ಮನೆಯವರಿಗೂ ಆ ಅಂಬಲಿ ಶುರು ಮಾಡಿಸಬೇಕು ಅಂತಿದೀನಿ, ಅಳತೆ ಹೇಳ್ರಿ," ಅಂದರು. "ಬ್ಯಾಡ್ರಿ ಮೇಷ್ಟ್ರೇ, ಸದ್ಯಕ್ಕೆ ಬ್ಯಾಡ," ಎಂದು ಪರಮೇಶ ಬಸ್ಸಿನ ಹಿಂದಿನ ತುದಿಗೆ ಹೋದ, ಅಲ್ಲಿಂದ ಮುಂದಕ್ಕೆ ಬಂದ, ಮತ್ತೆ ಹಿಂದಕ್ಕೆ ಹೋದ.

ಮನೆಗೆ ಬಂದಾಗ ಜಯಶೀಲಾ ಅವನ ಮುಖ ನೋಡಿಯೇ ಏನೋ ಆಗಿದೆ ಎಂದುಕೊಂಡಳು. ಅವನು ಎಲ್ಲ ಹೇಳಿದ. ಅವಳು ಬೈಯಲಿಲ್ಲ. "ನಾಳೆ ರಜೆ ಹಾಕಿ ಹೋಗಿ ಬರ್ರಿ," ಅಂದಳು. ಆಮೇಲೆ ಹೇಳಿದಳು, "ಇನ್ನೊಂದು ಮಾತು ಐತೆ. ಅತ್ತೆ ದೊಡ್ಡಕ್ಕನ ಮನೀಗೆ ಯಾಕೆ ಹೋಗ್ತಾರೆ ಗೊತ್ತಾ? ಅಲ್ಲಿ ಅವರಿಗೆ ಹಾಲನ್ನ ಕೊಡ್ತಾರೆ. ನಾನೇ ಹೇಳಿದ್ದೆ. ಇಲ್ಲಂದ್ರೆ ಅವರು ಇನ್ನೂ ಇಳಿದು ಹೋಗ್ತಿದ್ರು."

ಪರಮೇಶ ತಾಯಿಯ ಕಡೆ ನೋಡಿದ. ಏಕನಾಥಮ್ಮ ಗೋಡೆಗೆ ಒರಗಿ ಕೂತಿದ್ದಳು. "ನನ್ನ ಮುಂದೆ ಹೇಳಬಹುದಿತ್ತಲ್ಲವ್ವ," ಅಂದ.

"ನೀನು ಯಾವಾಗ ಕೇಳಿದ್ಯಪ್ಪ," ಅಂದಳು ಅವಳು. ಕೋಪವೇನೂ ಇರಲಿಲ್ಲ ಅವಳ ಮಾತಿನಲ್ಲಿ. "ನಿನಗೆ ಮೈ ಜಾಸ್ತಿ ಇತ್ತು, ಇಳ್ಸಿದೆ. ನನ್ನ ಮೈಯಾಗೆ ಇಳ್ಸಾಕೆ ಏನೈತೆ?"

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಹಿರಿಯೂರಿಗೆ ಹೋದ. ಗೌಸನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ಬಾಗಿಲು ತೆಗೆದದ್ದು ಅವನ ಹೆಂಡತಿ ಖಾತುನ್ ಬೀ. ಒಳಗೆ ಬನ್ನಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ, ಬಾಗಿಲಿನಿಂದ ಸರಿದು ನಿಂತಳು. ಗೌಸ್ ಮಂಚದ ಮೇಲೆ ಕೂತು ಅನ್ನ ಬೇಳೆಸಾರು ಉಣ್ಣುತ್ತಿದ್ದ. ಮುಖ ಬಿಳುಚಿಕೊಂಡಿತ್ತು.

"ಸಕ್ಕರೆ ಇಳಿದು ಹೋಗಿತ್ತಂತೆ," ಅಂದ ಗೌಸ್. "ಏರಿದ್ರೆ ಕಷ್ಟ ಅಂತ ಗೊತ್ತಿತ್ತು, ಇಳಿದ್ರೆ ಇನ್ನೂ ಬೇಗ ಹೋಗ್ತೀವಂತೆ."

ಖಾತುನ್ ಬೀ ಅಡುಗೆಮನೆಯ ಬಾಗಿಲಲ್ಲೇ ನಿಂತು ಹೇಳಿದಳು: "ಡಾಕ್ಟ್ರು ಕೇಳಿದ್ರು, ಊಟ ಅರ್ಧ ಮಾಡಿ ಮಾತ್ರೆ ಪೂರ್ತಿ ನುಂಗೋಕೆ ಯಾರು ಹೇಳಿದ್ದು ಅಂತ. ನಾನು ಹೆಸರು ಹೇಳಲಿಲ್ಲ. ನೀವು ಬಸ್ಸಿನಾಗೆ ನಿಂತು ಟಿಕೆಟ್ ಹರೀತೀರಿ ಪರಮೇಶಣ್ಣ. ಇವರು ದಿನವೆಲ್ಲ ಹತ್ತಿ ಹೊರ್ತಾರೆ. ಮಧ್ಯಾಹ್ನ ಉಣ್ಣಬೇಡ ಅನ್ನೋ ಮುಂಚೆ ಒಂದು ಸಲ ನನ್ನ ಕೇಳಬೇಕಿತ್ತು."

ಪರಮೇಶ ತಲೆ ತಗ್ಗಿಸಿದ. "ತಪ್ಪಾಯ್ತು ಭಾಭಿ," ಅಂದ. ಅವಳು ಒಳಗೆ ಹೋದಳು. ಆವತ್ತು ಚಾ ಬರಲಿಲ್ಲ.

ಮುಂದಿನ ವಾರ ಗೌಸನನ್ನು ಮತ್ತೆ ತೋರಿಸುವ ದಿನ ಪರಮೇಶನೂ ಜೊತೆಗೆ ಹೋದ. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಗೌಸನ ಮಾತ್ರೆ ಕಡಿಮೆ ಮಾಡಿದರು. ಮೂರು ಹೊತ್ತು ಉಣ್ಣಬೇಕು, ಅಂಬಲಿ ಬೇಕಿದ್ದರೆ ಒಂದು ಹೊತ್ತಿಗೆ ಇರಲಿ, ಮಧ್ಯಾಹ್ನ ಮುದ್ದೆಯೋ ಅನ್ನವೋ ಅಳತೆಯಲ್ಲಿ, ಜೊತೆಗೆ ಕಾಳು ಸೊಪ್ಪು ತಪ್ಪಬಾರದು, ಬೆವರು ನಡುಕ ಬಂದರೆ ತಕ್ಷಣ ಸಕ್ಕರೆ ಬಾಯಿಗೆ ಹಾಕಿಕೊಳ್ಳಬೇಕು ಎಂದು ಬಿಡಿಸಿ ಹೇಳಿದರು. ಪರಮೇಶ ತಡೆಯಲಾರದೆ ತನ್ನ ಕಥೆಯನ್ನೂ ತೆಗೆದ. ಅವನ ರಕ್ತ ಪರೀಕ್ಷೆಯ ಚೀಟಿ ನೋಡಿ ಅವರು, "ನಿಮಗೆ ಆಗಿಬಂದಿದೆ, ಮಾತ್ರೆಯೂ ಇಲ್ಲ. ಮುಂದುವರಿಸಿ, ಆದ್ರೆ ಬರೀ ಅಂಬಲಿ ಸಾಲಲ್ಲ, ಬೇಳೆಕಾಳು ಸೇರಿಸಿ," ಅಂದರು.

"ಹಂಗಾದ್ರೆ ಅಂಬಲಿ ಒಳ್ಳೇದಾ ಕೆಟ್ಟದ್ದಾ?" ಎಂದು ಕೇಳಿದ.

"ಯಾರಿಗೆ?" ಎಂದು ಕೇಳಿ ಅವರು ಮುಂದಿನವರನ್ನು ಕರೆದರು.

ಗೌಸ್ ಅಂಗಡಿಗೆ ಮರಳಿದ. ಸಾಮೆಯ ಚೀಲದಲ್ಲಿ ಉಳಿದದ್ದನ್ನು ಖಾತುನ್ ಬೀ ಅನ್ನದ ಹಾಗೆ ಬಸಿದು, ಮೇಲೆ ಮಟನ್ ಸಾರು ಬಿಟ್ಟು ಬಡಿಸಿದಳಂತೆ. ಗೌಸನಿಗೆ ಅದು ಬಹಳ ಹಿಡಿಸಿತಂತೆ. ಹೊಸದುರ್ಗದಲ್ಲಿ ಏಕನಾಥಮ್ಮನ ಹಾಲನ್ನ ಸ್ವಂತ ಮನೆಗೆ ವಾಪಸು ಬಂತು. ಆದರೂ ಅವಳು ದೊಡ್ಡಕ್ಕನ ಮನೆಗೆ ಹೋಗುವುದನ್ನು ಬಿಡಲಿಲ್ಲ, ಅಭ್ಯಾಸವಾಗಿಬಿಟ್ಟಿತ್ತು.

ಪರಮೇಶ ಈಗಲೂ ಅಂಬಲಿಯನ್ನೇ ಕುಡಿಯುತ್ತಾನೆ. ಬಸ್ಸಿನಲ್ಲಿ ಮಾತ್ರ ಅವನಿಗೆ ಕಷ್ಟ. ಯಾರಾದರೂ ಮಂಡಿ ಉಜ್ಜಿಕೊಂಡರೆ, ಏದುಸಿರು ಬಿಟ್ಟರೆ, ನಾಲಿಗೆ ತುದಿಗೆ ಬಂದು ನಿಂತ ಮಾತನ್ನು ನುಂಗಿಕೊಳ್ಳಬೇಕು. ಅನ್ನ ಬಿಡುವುದಕ್ಕಿಂತ ಅದು ಅವನಿಗೆ ಕಷ್ಟವಾಗಿದೆ. ಮೊನ್ನೆ ಹೊಳಲ್ಕೆರೆಯಲ್ಲಿ ಹತ್ತಿದ ದಪ್ಪ ಮನುಷ್ಯನೊಬ್ಬ, "ನೀವೇ ಅಲ್ವಾ ಊಟದ ಬಗ್ಗೆ ಹೇಳೋರು?" ಅಂದ. ಪರಮೇಶ ಕಂಬಿಯನ್ನು ಬಿಟ್ಟು ಮತ್ತೆ ಹಿಡಿದ. "ಮಾತ್ರೆ ಏನಾದ್ರೂ ತಗತೀರಾ? ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ. ಆ ಮನುಷ್ಯ ತನ್ನ ಮನೆ, ಮಾತ್ರೆ, ಅಡಿಕೆ ಸುಲಿಯುವ ಕೆಲಸ ಎಲ್ಲವನ್ನೂ ಹೇಳತೊಡಗಿದ. ಚಿತ್ರದುರ್ಗ ಬರುವವರೆಗೂ ಹೇಳಿದ. ಪರಮೇಶ ಕೇಳುತ್ತಾ ನಿಂತಿದ್ದ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ.

ಇಳಿಯುವಾಗ ಆತ ಕೇಳಿದ, "ಹಂಗಾದ್ರೆ ಏನು ತಿನ್ನಲಿ?"

"ಇದನ್ನೇ ಹೋಗಿ ಡಾಕ್ಟರಿಗೆ ಹೇಳ್ರಿ," ಅಂದ ಪರಮೇಶ, ಸೀಟಿ ಊದಿದ.