ಚಿಕ್ಕಮ್ಮನ ಅರ್ಧ ಮುದ್ದೆ

ಕಾರ್ಖಾನೆಯಲ್ಲಿ ತಯಾರಾಗಿ ಪ್ಯಾಕೆಟ್ಟಿನಲ್ಲಿ ಬರುವ ತಿನಿಸನ್ನು ಹೆಚ್ಚು ತಿಂದವರಿಗೆ ಬೊಜ್ಜು ಬರುವ ಸಂಭವ ಹೆಚ್ಚು ಎಂದು ಸಂಶೋಧನೆಗಳು ಹೇಳುತ್ತಿವೆಯಂತೆ. ಬೆಳಗಿನ ಪತ್ರಿಕೆಯಲ್ಲಿತ್ತು. ಓದುತ್ತಿದ್ದಂತೆ ಕಿತ್ತಳೆ ಕ್ರೀಮಿನ ವಾಸನೆ ಮೂಗಿಗೆ ಬಡಿಯಿತು. ನೆನಪಿನ ಮಹಿಮೆ ಅಂದುಕೊಳ್ಳಬೇಡಿ, ಬಿಸ್ಕತ್ತು ಕೈಯಲ್ಲೇ ಇತ್ತು. ನೆನಪು ಬಂದದ್ದು ಆಮೇಲೆ, ಸೂಲಿಬೆಲೆಯ ಚಿಕ್ಕಮ್ಮನದು.

ಎರಡು ವರ್ಷದ ಹಿಂದೆ ಅವಳ ಮಂಡಿ ಕೈಕೊಟ್ಟಿತು. ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಸವರಲೂ ಆಗದೆ ಜಗಲಿಯಲ್ಲಿ ಕೂತಳು. ಆಪರೇಷನ್ ಮಾಡೋಣ, ಮೊದಲು ಹತ್ತು ಕೆಜಿ ಇಳಿಸಿ ಎಂದರು ಹೊಸಕೋಟೆಯ ಡಾಕ್ಟರು. ಚಿಕ್ಕಮ್ಮ ಹಟವಾದಿ. ಎರಡು ಮುದ್ದೆ ಒಂದಾಯಿತು, ಒಂದು ಅರ್ಧವಾಯಿತು. ತೂಕ ಎರಡು ಕೆಜಿ ಏರಿತು. ಇಡೀ ಮನೆ ರಾಗಿಯ ಮೇಲೆ ಅನುಮಾನಪಟ್ಟಿತು. ಹೊಸ ತಳಿಯಲ್ಲೇ ಏನೋ ಇದೆ ಎಂದು ನಾನೂ ಒಂದು ಭಾಷಣ ಮಾಡಿದೆ. ಓದಿದವನ ಮಾತು, ಯಾರೂ ಎದುರಾಡಲಿಲ್ಲ.

ಕಾಯಿಲೆಯವರನ್ನು ನೋಡಲು ನೆಂಟರು ಬರುತ್ತಾರಲ್ಲ, ನಮ್ಮ ಕಡೆ ಬರಿಗೈಯಲ್ಲಿ ಹೋಗುವುದು ಮಹಾಪರಾಧ. ಹಿಂದೆಲ್ಲ ಬಾಳೆಹಣ್ಣು ತರುತ್ತಿದ್ದರು. ಈಗ ಕ್ರೀಮ್ ಬಿಸ್ಕತ್ತು, ಚಿಪ್ಸು, ಪ್ಯಾಕೆಟ್ ಕೇಕು, ಜ್ಯೂಸಿನ ಬಾಟಲಿ. ತಂದವರೆದುರೇ ಒಡೆದು ನಾಲ್ಕು ತಿನ್ನದಿದ್ದರೆ ಅವರಿಗೆ ಬೇಸರ.

ಒಂದು ಭಾನುವಾರ ಈ ಪ್ಯಾಕೆಟ್ ತಿನಿಸಿನ ಬಗ್ಗೆಯೇ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ಮನೆಮನೆ ತಿರುಗುತ್ತ ಬಂದಳು. ನಾನೂ ಅಲ್ಲೇ ಇದ್ದೆ.

“ನಿನ್ನೆ ಬೆಳಗ್ಗೆಯಿಂದ ಏನೇನ್ ತಿಂದ್ರಿ ಅಮ್ಮಾ?”

“ಅರ್ಧ ಮುದ್ದೆ, ಸೊಪ್ಪಿನ ಸಾರು. ದೇವ್ರಾಣೆ ಅಷ್ಟೇ ಕಣವ್ವ,” ಎಂದಳು ಚಿಕ್ಕಮ್ಮ.

ಹುಡುಗಿ ಮೂಲೆಯಲ್ಲಿ ಬಿದ್ದಿದ್ದ ಖಾಲಿ ಕವರುಗಳತ್ತ ನೋಡಿದಳು. “ಅವು?”

“ಅವೆಲ್ಲ ತಿನ್ನೋದಾ? ನೆಂಟ್ರು ತಂದಿದ್ದು. ಸುಮ್ನೆ ಬಾಯಿಗೆ ಹಾಕ್ಕೊಂಡೆ.”

ಸುಳ್ಳಲ್ಲ. ತಟ್ಟೆಗೆ ಬಡಿಸಿದ್ದು ಮಾತ್ರ ನಮ್ಮಲ್ಲಿ ತಿಂದ ಲೆಕ್ಕ. ಹುಡುಗಿ ಒಂದೊಂದಾಗಿ ಕೇಳಿ ಬರೆದುಕೊಂಡಳು. ಬಾಯಿಗೆ ಹಾಕಿಕೊಂಡದ್ದೇ ಒಂದೂವರೆ ಪುಟವಾಯಿತು. ಇದನ್ನೆಲ್ಲ ಹೆಚ್ಚಾಗಿ ತರುವವರು ಯಾರು ಎಂದು ಕೊನೆಗೆ ಕೇಳಿದಳು. ಚಿಕ್ಕಮ್ಮ ಹೆಮ್ಮೆಯಿಂದ ನನ್ನನ್ನು ತೋರಿಸಿದಳು.

“ನಮ್ಮಕ್ಕನ ಮಗ. ಒಂದ್ ಭಾನುವಾರನೂ ತಪ್ಸಲ್ಲ. ಇವ್ನು ತಂದಿದ್ದಲ್ವಾ ಅಂತ ನಾನೂ ಒಂದೂ ಬಿಡಲ್ಲ.”

ನಾನು ಸೂರು ನೋಡಿದೆ. ರಾಗಿಯ ಮೇಲೆ ಮಾಡಿದ ಭಾಷಣ ನೆನಪಾಯಿತು. ಅವಳನ್ನು ಜಗಲಿಯಲ್ಲೇ ಕೂರಿಸಿಟ್ಟವರಲ್ಲಿ ನಾನೇ ಮೊದಲಿಗ ಅನ್ನಿಸಿ ತುಂಬ ಸಂಕಟವಾಯಿತು.

ಮುಂದಿನ ಭಾನುವಾರ ಏನೂ ತರದೆ ಹೋದೆ. ಊರ ನಡುವೆ ಅಷ್ಟು ದೂರ ನಡೆಯುವಾಗ ಮಾನ ಹೋದಂತಾಯಿತು. ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಚಿಕ್ಕಮ್ಮ ಬಗ್ಗಿ ನೋಡಿದಳು.

“ಏನೂ ತಂದಿಲ್ವೇನೋ?”

“ಇಲ್ಲ ಚಿಕ್ಕಮ್ಮ.”

ಚಿಕ್ಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಹಂಗಾದ್ರೆ ಕೈ ಕೊಡು ಇಲ್ಲಿ. ಕೊಟ್ಟಿಗೆಗಂಟ ಹೋಗಿ ಬರಾಣ.”

ಹೋಗಿ ಬರಲು ಅರ್ಧ ಗಂಟೆ ಹಿಡಿಯಿತು. ನೆಂಟರ ಪ್ಯಾಕೆಟ್ಟುಗಳೂ ನಿಂತು ತೂಕ ಇಳಿಯಲು ಏಳೆಂಟು ತಿಂಗಳು. ಆಪರೇಷನ್ ಆಗಿ ಈಗ ವರ್ಷವಾಯಿತು. ಭಾನುವಾರ ಸಂಜೆ ಕೆರೆ ಏರಿಯ ಮೇಲೆ ನಮ್ಮಿಬ್ಬರ ನಡಿಗೆ. ಕಳೆದ ವಾರ ಅರ್ಧ ದಾರಿಯಲ್ಲೇ ಏದುಸಿರು ಬಂದು ನಿಂತವನು ನಾನು. ಚಿಕ್ಕಮ್ಮ ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು. “ಅವಸರ ಇಲ್ಲ ಕಣೋ, ನಿಧಾನಕ್ಕೆ ಬಾ,” ಎಂದು ಕೈ ಚಾಚಿದಳು.

ಇವತ್ತು ಮತ್ತೆ ಭಾನುವಾರ. ಹೊರಡಬೇಕು. ಕೈ ಬೇಕಾಗಿರುವುದು ಈಗ ನನಗೆ.