ನಾಲ್ವರೂ ಹೂಂ ಅನ್ನಬೇಕು

ಕೂಡ್ಲಿಗಿಯಲ್ಲಿ ನಾವು ನಾಲ್ಕು ಜನ ಹೆಂಗಸರು ಒಂದೇ ಮನೆಯನ್ನು ಬಾಡಿಗೆಗೆ ಹಿಡಿದು ಐದು ವರ್ಷ ಇದ್ದೆವು. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವರು ಎಲ್ಲರಿಗಿಂತ ಹಿರಿಯರು, ಗಂಡ ತೀರಿಕೊಂಡಿದ್ದರು. ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಇನ್ನೊಬ್ಬಳು ಆಸ್ಪತ್ರೆಯ ನರ್ಸ್. ಹಲವಾಗಲು ಕಡೆಯ ಹುಡುಗಿಯೊಬ್ಬಳು ವಕೀಲರೊಬ್ಬರ ಬಳಿ ಟೈಪಿಸ್ಟ್ ಆಗಿದ್ದಳು. ನಾನು ದಿನಾ ಬಸ್ಸು ಹಿಡಿದು ಗುಡೇಕೋಟೆ ಕಡೆಯ ಶಾಲೆಗೆ ಹೋಗಿ ಪಾಠ ಮಾಡಿ ಬರುತ್ತಿದ್ದೆ.

ಮನೆಯ ವಿಷಯ ಏನೇ ಇರಲಿ, ಭಾನುವಾರ ಬೆಳಿಗ್ಗೆ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ತೀರ್ಮಾನವಾಗಬೇಕಿತ್ತು. ಮೂವರು ಒಪ್ಪಿದರೆ ಸಾಲದು, ನಾಲ್ವರೂ ಹೂಂ ಅನ್ನಬೇಕು. ಇದು ಅಕ್ಕಾರು ಮಾಡಿದ ಕಟ್ಟಳೆ. ಅವರ ಗಂಡನ ಮನೆಯಲ್ಲಿ ಇಪ್ಪತ್ತು ಜನರಿದ್ದರೂ ಮಾತಾಡುವ ಬಾಯಿ ಭಾವನದೊಂದೇ ಆಗಿತ್ತಂತೆ. ನಮ್ಮ ಟೈಪಿಸ್ಟ್ ಹುಡುಗಿ ಮಾತ್ರ ಎಲ್ಲದಕ್ಕೂ "ನೀವು ಹೆಂಗ ಅಂತೀರೋ ಹಂಗ ಆಗ್ಲಿರಿ" ಎಂದು ಲೋಟ ತೊಳೆಯಲು ಏಳುತ್ತಿದ್ದಳು.

ನಳದಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬೆಳಿಗ್ಗೆ ಬರುತ್ತಿತ್ತು. ಎಷ್ಟು ಹೊತ್ತಿಗೆ ಎನ್ನುವುದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಆ ದಿನದ ಪಾಳಿ ಯಾರದೋ ಅವರು ಮನೆಯಲ್ಲೇ ಇದ್ದು ಡ್ರಮ್ಮು ತುಂಬಿಸಬೇಕು. ನರ್ಸ್ ಒಂದೇ ತಿಂಗಳಲ್ಲಿ ಎರಡು ಸಲ ಪಾಳಿ ತಪ್ಪಿಸಿದಳು. ಎರಡನೆಯ ಸಲ ಮರುದಿನ ಬೆಳಿಗ್ಗೆ ನಾನು ತಲೆಗೆ ಎಣ್ಣೆ ಹಚ್ಚಿಕೊಂಡು ಸ್ನಾನಕ್ಕೆ ಹೋದರೆ ಡ್ರಮ್ಮು ಬರಿದಾಗಿತ್ತು. ಶಾಲೆಗೆ ಅಂದು ಮೇಲಧಿಕಾರಿ ಬರುವವರಿದ್ದರು. ಎಣ್ಣೆ ಸುರಿಯುವ ತಲೆಯಲ್ಲೇ ಹೋಗಿ ಅವರೆದುರು ಪಾಠ ಮಾಡಿದೆ.

ಆ ಭಾನುವಾರ ನರ್ಸ್ ಡ್ಯೂಟಿಗೆ ಹೋಗಿದ್ದಳು. ಆಕೆ ಬೇರೆ ಮನೆ ನೋಡಿಕೊಳ್ಳಲಿ ಎಂದು ನಾನೇ ಮಾತು ತೆಗೆದೆ. ಅಕ್ಕಾರು, "ನನಗೂ ಸಾಕಾಗೇತಿ" ಎಂದರು. ಹುಡುಗಿಯತ್ತ ನೋಡಿದೆವು.

"ನಾ ಒಲ್ಲೆರಿ" ಎಂದಳು.

"ಯಾಕವ್ವಾ?"

"ಆಕಿ ಇಲ್ದಾಗ ಆಕಿ ಬಗ್ಗಿ ಮಾತಾಡಾಕ ಹತ್ತೇವಿ. ನಾ ಊರಿಗೆ ಹೋದಾಗ ನನ್ನ ಬಗ್ಗಿನೂ ಹಿಂಗ ಕುಂತು ಮಾತಾಡ್ತೀರೇನು?"

ಅವಳ ದನಿ ಏರಿರಲಿಲ್ಲ. ಅಕ್ಕಾರು ಲೋಟವನ್ನು ಕೆಳಗಿಟ್ಟು, "ಬರೋ ಭಾನುವಾರ ಆಕಿ ಮುಂದ ನೀವಾ ಹೇಳ್ರಿ, ಟೀಚರ್" ಎಂದರು.

ಹೇಳಿದೆ. ಒಂದು ವಾರ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತುಗಳು ಅವಳೆದುರು ಅರ್ಧಕ್ಕರ್ಧ ಉದುರಿಹೋದವು. ನರ್ಸ್ ಪೂರ್ತಿ ಕೇಳಿಸಿಕೊಂಡಳು. ಸಿಟ್ಟಾಗಲಿಲ್ಲ.

"ನನ್ನ ಬದಲಿಗೆ ಬರೋರು ತಡ ಮಾಡ್ತಾರ. ಅವರು ಬರೂತನಕ ಹೆರಿಗಿ ಬ್ಯಾನಿ ತಿನ್ನೋ ಹೆಣ್ಮಗಳನ್ನ ಬಿಟ್ಟು ನಳಕ್ಕ ಓಡಿ ಬರ್ಲೇನ್ರಿ?" ಎಂದು ಕೇಳಿದಳು. ಆಮೇಲೆ ತಾನೇ, "ಗಡಿಯಾರ ನೋಡೋ ಕೆಲಸ ನನಗ ಬ್ಯಾಡ. ಬ್ಯಾರೆ ಏನರ ಕೊಡ್ರಿ, ತಪ್ಪಸೂದಿಲ್ಲ" ಎಂದಳು.

ಜೋಳ ಹಸನು ಮಾಡಿ ಗಿರಣಿಗೆ ಹಾಕಿಸಿಕೊಂಡು ಬರುವುದು, ಬಚ್ಚಲು ತೊಳೆಯುವುದು, ಡ್ರಮ್ಮು ತಿಕ್ಕುವುದು ಅವಳ ಪಾಲಿಗೆ ಬಂದವು. ಅಲ್ಲಿಯವರೆಗೆ ಎಲ್ಲ ಕೆಲಸವನ್ನೂ ನಾಲ್ಕು ಸಮಪಾಲು ಮಾಡುವುದೇ ನ್ಯಾಯ ಎಂದುಕೊಂಡಿದ್ದೆವು. ಆ ದಿನದಿಂದ ಯಾರಿಗೆ ಯಾವುದು ಆಗುತ್ತದೆ ಎಂದು ಕೇಳತೊಡಗಿದೆವು. ನೀರಿನ ಪಾಳಿ ನಮ್ಮ ಮೂವರಿಗೇ ಉಳಿಯಿತು. ನನಗೆ ಅದು ಹೆಚ್ಚಾಯಿತು ಎಂದು ಒಳಗೊಳಗೇ ಅನ್ನಿಸುತ್ತಿತ್ತು, ಆದರೆ ನಾನೂ ಹೂಂ ಎಂದವಳೇ.

ಎರಡು ವರ್ಷದ ಮೇಲೆ ನರ್ಸ್‌ಗೆ ಹಡಗಲಿಗೆ ವರ್ಗವಾಯಿತು. ಹೊರಡುವ ದಿನ ಟ್ರಂಕಿಗೆ ಹಗ್ಗ ಬಿಗಿಯುತ್ತ, "ನನ್ನ ಖೋಲಿ ನೀವು ತಗೋರಿ ಟೀಚರ್, ಮೊದಲಿಂದ ನಿಮ್ಮ ಕಣ್ಣು ಅದರ ಮ್ಯಾಲ ಐತಲ್ಲ" ಎಂದು ನಕ್ಕಳು. ನಾನೂ ನಕ್ಕೆ, ಮುಖ ಬಿಸಿಯಾಯಿತು. ಆ ಮನೆಯಲ್ಲಿ ಒಬ್ಬರಿಗೇ ಅಂತ ಇದ್ದದ್ದು ಅದೊಂದೇ ಖೋಲಿ. ರಾತ್ರಿ ಪಾಳಿ ಮುಗಿಸಿ ಬರುವವಳಿಗೆ ಹಗಲು ನಿದ್ದೆ ಬೇಕೆಂದು ಅವಳಿಗೆ ಕೊಟ್ಟಿದ್ದೆವು. ಅವಳನ್ನು ಕಳಿಸಬೇಕೆಂದು ನಾನು ಮಾತು ತೆಗೆದದ್ದು ಬರೀ ನೀರಿಗಾಗಿ ಆಗಿರಲಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು. ಅವಳಿಗೂ ಗೊತ್ತಿದೆ ಎಂದು ತಿಳಿದದ್ದು ಅಂದೇ.

ಮುಂದಿನ ಭಾನುವಾರ ನಾವು ಮೂವರೇ ಕೂತೆವು. ಖೋಲಿ ಹುಡುಗಿಗೆ ಹೋಗಲಿ ಎಂದೆ. ಪಡಸಾಲೆಯ ಗಾಳಿಯೇ ತನಗೆ ಚೆನ್ನ, ಒಲ್ಲೆ ಎಂದಳು. ಅಕ್ಕಾರಿಗೂ ಬೇಡವಾಗಿತ್ತು. ಕೊನೆಗೆ ನನ್ನದೇ ಆಯಿತು.

ಹಾಸಿಗೆ, ಪುಸ್ತಕ ಸಾಗಿಸಿ ಕಿಟಕಿ ತೆರೆಯಲು ಹೋದೆ. ನರ್ಸ್ ಬೆಳಕು ಬಾರದಂತೆ ಚೌಕಟ್ಟಿಗೆ ಹಳೆಯ ಕೌದಿಯೊಂದನ್ನು ಸುತ್ತಲೂ ಮೊಳೆ ಹೊಡೆದು ಕೂರಿಸಿದ್ದಳು. ಒಂದೊಂದೇ ಮೊಳೆ ಕಿತ್ತು ಅದನ್ನು ಬಿಡಿಸಲು ನನಗೆ ಮಧ್ಯಾಹ್ನದವರೆಗೆ ಹಿಡಿಯಿತು.