ತಂಗಿಗೇ ಗೊತ್ತಿಲ್ಲದ ಮದುವೆ

ನನ್ನ ತಂಗಿಗೆ ಮದುವೆ ಗೊತ್ತಾಗಿದೆ ಎಂದು ಫೋನಿನಲ್ಲಿ ಹೇಳಿದವನು ನಾನೇ. ಮದುವೆಯೂ ಇರಲಿಲ್ಲ, ಗಂಡೂ ಇರಲಿಲ್ಲ. ಆ ಒಂದು ಮಾತಿನಿಂದ ಅವಳ ಸೀಟು ಹೋಯಿತು.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ತಳ್ಳುಗಾಡಿಯಲ್ಲಿ ಸೊಪ್ಪು ಮಾರುತ್ತೇನೆ. ಬೆಳಿಗ್ಗೆ ಕೆ.ಆರ್. ಪುರದ ಸಂತೆಯಿಂದ ತಂದು, ಇಂದಿರಾನಗರದ ಮನೆಗಳ ಮುಂದೆ ಒಂದು ಸುತ್ತು ಹಾಕಿ, ಉಳಿದದ್ದನ್ನು ಹಲಸೂರಿನ ನಮ್ಮ ಬೀದಿಯಲ್ಲಿ ಮಾರಿ ಮುಗಿಸುತ್ತೇನೆ. ಅಪ್ಪ ಅಮ್ಮ ಇಲ್ಲ. ತಂಗಿ ಪಿಯುಸಿ ಮುಗಿಸಿ ಶಿವಾಜಿನಗರದ ಒಂದು ಆಯುರ್ವೇದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅಲ್ಲಿಗೆ ಒಂದು ಪುಟ್ಟ ಎಣ್ಣೆ ಬಾಟಲಿ ಬರುತ್ತಿತ್ತು. ಮೇಲೆ 'ವಿಜಯಾ' ಎಂದು ಬರೆದು ಎಲೆಯ ಚಿತ್ರ ಹಾಕಿರುತ್ತಿದ್ದರಂತೆ. ಡಾಕ್ಟರ ಚೀಟಿ ಇಲ್ಲದೆ ಅದನ್ನು ಕೊಡುವಂತಿಲ್ಲ. ವಿಜಯಾ ಅಂದರೆ ಗಾಂಜಾ ಗಿಡವೇ, ಲೈಸೆನ್ಸ್ ಇದ್ದವರು ಅದರ ಎಲೆಯಿಂದ ಔಷಧಿ ಮಾಡಬಹುದು ಎಂದು ನನಗೆ ಹೇಳಿದವಳು ಅವಳೇ.

ಮಾರುವ ಕಡೆ ನಿಂತದ್ದು ಸಾಕು, ಮಾಡುವ ಕಡೆ ಹೋಗಬೇಕು ಎಂಬ ಆಸೆ ಅವಳಿಗೆ ಹತ್ತಿತು. ತಿಂಗಳುಗಟ್ಟಲೆ ಫೋನಿನಲ್ಲಿ ಹುಡುಕಿದಳು. ಉಚಿತ ತರಬೇತಿ ಎನ್ನುವವರೆಲ್ಲ ಎರಡನೇ ಮಾತಿಗೆ ಫೀಸು ಕೇಳುತ್ತಿದ್ದರು. ಕೊನೆಗೆ ಮಹದೇವಪುರದಲ್ಲಿ ಈ ವಿಜಯಾ ಔಷಧಿ ತಯಾರಿಸುವ ಒಂದು ಕಡೆ ನಿಜವಾಗಿಯೂ ಪುಕ್ಕಟೆ ಕಲಿಸುತ್ತಾರೆ ಎಂದು ಪತ್ತೆ ಮಾಡಿದಳು. ಎಲೆ ಒಣಗಿಸುವುದು, ತೂಕ ಮಾಡಿ ಬರೆದಿಡುವುದು, ಎಣ್ಣೆ ತೆಗೆಯುವುದು, ಎಲ್ಲಾ ಸೇರಿ ಮೂರು ತಿಂಗಳು. ಚೆನ್ನಾಗಿ ಕಲಿತವರಿಗೆ ಅಲ್ಲೇ ಕೆಲಸ. ಒಬ್ಬಳೇ ಬಸ್ಸಿನಲ್ಲಿ ಹೋಗಿ ಪರೀಕ್ಷೆ ಬರೆದು ಪಾಸಾಗಿ ಬಂದಳು.

"ಮನೆಯವ್ರಿಗೆ ಒಂದ್ ಫೋನ್ ಮಾಡ್ತಾರಂತೆ ಅಣ್ಣ. ನಿನ್ ನಂಬರ್ ಕೊಟ್ಟಿದೀನಿ. ಹೂಂ ಅಂದ್ಬಿಡು, ಸಾಕು."

ಹೂಂ ಅನ್ನಬೇಕಿತ್ತು. ಅಷ್ಟೇ.

ಬಾಯಿ ತಡೆಯದೆ ಈ ವಿಷಯವನ್ನು ನಾನೇ ಟೀ ಅಂಗಡಿಯಲ್ಲಿ ಹೇಳಿಬಿಟ್ಟಿದ್ದೆ. ಮಾರನೆಯ ದಿನ ಪಕ್ಕದ ಹಣ್ಣಿನ ಗಾಡಿಯವನು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದ: "ಏನ್ ಗುರು, ತಂಗಿ ಗಾಂಜಾ ಕಾಲೇಜ್ ಸೇರ್ತಾಳಂತೆ? ಪಾಸಾದ್ಮೇಲೆ ನಿನ್ ಗಾಡೀಲೂ ನಾಕ್ ಕಟ್ಟು ಇಡು ಮಗಾ, ಕೊತ್ತಂಬ್ರಿ ಪಕ್ಕ. ಬೋಣಿ ನಂದೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಅಳಿಯ ಬ್ರಾಂದಿ ಅಂಗಡಿಯ ಕೌಂಟರಿನಲ್ಲಿ ಕೂರುತ್ತಾನೆ. ಅದನ್ನು ಅವನು ಸರ್ಕಾರಿ ಕೆಲಸದ ಹಾಗೆ ಹೇಳಿಕೊಳ್ಳುತ್ತಾನೆ, ಯಾರೂ ನಗುವುದಿಲ್ಲ. ಅವತ್ತು ಇದನ್ನು ಅವನ ಮುಖಕ್ಕೆ ಹೇಳಬೇಕಿತ್ತು. ಈಗ ಬರೆಯುವಾಗಲೂ ಸಿಟ್ಟು ಬರುತ್ತದೆ, ಅವನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಆ ನಗು ಇನ್ನೂ ನಿಂತಿರಲಿಲ್ಲ, ಫೋನ್ ಬಂತು. ಒಬ್ಬ ಹೆಂಗಸಿನ ದನಿ.

"ತರಬೇತಿ ಕಡೆಯಿಂದ ಮಾತಾಡ್ತಿದೀವಿ. ನೀವು ಅವರ ಅಣ್ಣನಾ? ನಿಮ್ಮ ಒಪ್ಪಿಗೆ ಇದ್ಯಾ ಸರ್?"

ಹಣ್ಣಿನವನು ನನ್ನನ್ನೇ ನೋಡುತ್ತಿದ್ದ. "ಅವಳಿಗೆ ಮದ್ವೆ ಗೊತ್ತಾಗಿದೆ ಮೇಡಂ. ಬರೋಕಾಗಲ್ಲ," ಅಂದೆ.

"ಓ, ಸಂತೋಷ ಸರ್," ಎಂದು ಇಟ್ಟುಬಿಟ್ಟರು. ಯಾವಾಗ, ಯಾರ ಜೊತೆ, ಅವಳು ಏನಂದಳು, ಒಂದೂ ಕೇಳಲಿಲ್ಲ. ಹುಷಾರಿಲ್ಲ ಅಂದಿದ್ದರೆ ಯಾವ ಕಾಯಿಲೆ ಎಂದು ಕೇಳುತ್ತಿದ್ದರೇನೋ. ಅಣ್ಣನಾದವನು ಮದುವೆ ಅಂದರೆ ಮುಗಿಯಿತು. ಇದು ನನಗೆ ಗೊತ್ತಿತ್ತು, ಅದಕ್ಕೇ ಆ ಸುಳ್ಳು ಬಾಯಿಗೆ ಬಂತು.

ಮನೆಯಲ್ಲಿ ಏನೂ ಹೇಳಲಿಲ್ಲ. ಅವಳು ಊಟಕ್ಕೆ ಕೂತರೂ ತಟ್ಟೆ ಪಕ್ಕದಲ್ಲಿ ಫೋನ್. "ನಿಂಗೆ ಬಂತಾ ಅಣ್ಣ?" ಎಂದು ದಿನಾ ಕೇಳುವಳು. ದಿನಾ ಇಲ್ಲ ಅಂದೆ.

ಅದೇ ವಾರ ಇಂದಿರಾನಗರದಲ್ಲಿ, ವರ್ಷಗಳಿಂದ ನನ್ನ ಹತ್ತಿರ ಸೊಪ್ಪು ಕೊಳ್ಳುವ ಮೇಡಂ ಒಬ್ಬರು ಜಗುಲಿಯಲ್ಲಿ ಕೂತು ಮಂಡಿಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ಬಾಟಲಿ ಮೇಲೆ ತಂಗಿ ಹೇಳಿದ ಎಲೆ.

"ಇದು ಗಾಂಜಾದ್ದಲ್ವಾ ಮೇಡಂ?"

"ಛೀ, ಹಾಗನ್ಬಾರ್ದಪ್ಪ. ವಿಜಯಾ. ಆಯುರ್ವೇದ. ಇದು ಬಂದ್ಮೇಲೆ ಮೆಟ್ಲು ಹತ್ತುತ್ತಿದೀನಿ."

"ಇದನ್ನ ಮಾಡೋ ಕಡೆ ಕಲಿಯೋಕೆ ನನ್ ತಂಗಿ ಹೊರಟಿದ್ಲು."

ಅವರು ಸವರುವ ಕೈ ನಿಲ್ಲಿಸಿದರು. "ಅಯ್ಯೋ, ವಯಸ್ಸಿಗೆ ಬಂದ ಹೆಣ್ಣನ್ನ ಅಂಥ ಕಡೆ ಕಳಿಸ್ತಾರೇನಪ್ಪಾ? ಜನ ಏನಂತಾರೆ?" ಮತ್ತೆ ಸವರತೊಡಗಿದರು.

ನನಗೆ ಮೈಯೆಲ್ಲ ಉರಿಯಿತು. ಆ ಎಣ್ಣೆ ಮರದಿಂದ ತಾನಾಗಿ ಸುರಿಯುತ್ತದೆಯೇ? ಯಾರದೋ ಮನೆಯ ಹೆಣ್ಣುಮಗಳು ತೂಕ ಮಾಡಿ ತುಂಬಿದ್ದು ತಾನೇ ಇವರ ಮಂಡಿಗೆ ಬಂದದ್ದು? ಕೇಳಲಿಲ್ಲ. ಮೆಂತ್ಯ ಎರಡು ಕಟ್ಟು ಕೊಟ್ಟು ಗಾಡಿ ತಳ್ಳಿದೆ. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ. ಅವರು ಬರೀ ಅಂದರು, ನಾನು ಮಾಡಿಯೇ ಮುಗಿಸಿದ್ದೆ.

ಕಾದು ಸಾಕಾಗಿ ತಂಗಿ ತಾನೇ ಮಹದೇವಪುರಕ್ಕೆ ಹೋದಳು. ಸಂಜೆ ಬಂದು, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತಳು.

"ಅಣ್ಣ, ಹುಡುಗ ಏನ್ ಮಾಡ್ಕೊಂಡಿದಾನೆ?"

"ಯಾವ್ ಹುಡುಗ?"

"ನನ್ ಗಂಡ. ಆಫೀಸಲ್ಲಿ ಎಲ್ರೂ ವಿಶ್ ಮಾಡಿದ್ರು. ಛತ್ರ ಎಲ್ಲಿ ಅಂತ ಕೇಳಿದ್ರು. ಹೇಳು, ಎಲ್ಲಿ?"

ನಾನು ಕೈಯಲ್ಲಿದ್ದ ಸೊಪ್ಪಿನ ಕಟ್ಟು ಬಿಚ್ಚತೊಡಗಿದೆ. ಅವಳು ಅಳಲಿಲ್ಲ. "ಬೇಡ ಅಂತ ನನ್ ಮುಂದೆ ಹೇಳಿದ್ರೆ ಜಗಳ ಆಡ್ತಿದ್ದೆ. ಆಡೋಕೂ ಬಿಡ್ಲಿಲ್ವಲ್ಲೋ," ಅಂದಳು. ನನಗೆ ಎಂದೂ 'ಲೋ' ಅಂದವಳಲ್ಲ.

ಮರುದಿನ ನಾನೇ ಆ ಆಫೀಸಿಗೆ ಹೋಗಿ, ನಾನು ಹೇಳಿದ್ದು ಸುಳ್ಳು ಅಂದೆ. ಫೋನ್ ಮಾಡಿದ್ದ ಹೆಂಗಸೇ ಮೇಜಿನ ಹಿಂದೆ ಇದ್ದರು. ಸೀಟು ಬೇರೆಯವರಿಗೆ ಹೋಗಿತ್ತು.

"ಪರೀಕ್ಷೆ ಬರೆದೋಳು ಅವಳು. ಅವಳನ್ನೇ ಒಂದ್ ಮಾತು ಯಾಕೆ ಕೇಳ್ಲಿಲ್ಲ ಮೇಡಂ?"

"ನೀವು ಅಣ್ಣ ಅಲ್ವಾ? ಮನೆಯವ್ರು ಹೇಳಿದ್ಮೇಲೆ ಇನ್ನೇನು ಕೇಳೋದು? ಮುಂದಿನ ಬ್ಯಾಚಿಗೆ ಹೊಸ ಫಾರಂ ಹಾಕ್ಲಿ. ಈ ಸಲ ಮದುವೆ ಇಲ್ಲ ಅಂತ ನಿಮ್ಮದೊಂದು ಸಹಿ ಇರ್ಲಿ."

ನನ್ನ ಸುಳ್ಳಿಗೆ ಯಾರೂ ಸಾಕ್ಷಿ ಕೇಳಿರಲಿಲ್ಲ. ಅವಳ ನಿಜಕ್ಕೆ ನನ್ನ ಸಹಿ ಬೇಕಂತೆ, ಅದೂ ಸುಳ್ಳು ಹೇಳಿದವನದೇ! ಅಲ್ಲೇ ಕೂಗಾಡಿದೆ. ಸೆಕ್ಯುರಿಟಿಯವನು ಬಂದು ನಿಂತ. ಕೊನೆಗೆ ಸಹಿ ಹಾಕಿ, ಖಾಲಿ ಫಾರಂ ಹಿಡಿದು ಬಂದೆ.

ಆ ರಾತ್ರಿ ಊಟಕ್ಕೆ ಮುಂಚೆ ತಂಗಿ ಅದನ್ನು ತುಂಬಿದಳು. ಮನೆಯವರ ನಂಬರ್ ಎಂಬಲ್ಲಿ ಬರೆದದ್ದು ನನ್ನದಲ್ಲ. ಯಾರದೆಂದು ಕೇಳಿದೆ.

"ನಂದೇ. ಹೊಸ ಸಿಮ್ ತಗೊಂಡಿದೀನಿ."

"ಫೋನ್ ಬಂದ್ರೆ ಏನಂತೀಯ?"

"ಅವಳ ಅಕ್ಕ ಮಾತಾಡ್ತಿದೀನಿ ಅಂತೀನಿ."

ಮುಂದಿನ ಬ್ಯಾಚಿಗೆ ಇನ್ನೂ ಕರೆದಿಲ್ಲ, ಆ ಫೋನೂ ಬಂದಿಲ್ಲ. ಈಗಲೂ ಕೆಲವು ದಿನ, ಸೊಪ್ಪಿನ ಕಟ್ಟು ಬಿಚ್ಚಿ ಹಳದಿ ಎಲೆ ಆರಿಸುತ್ತ ಕೂತಿರುವಾಗ, ಅಡುಗೆಮನೆಯಿಂದ ಸ್ವಲ್ಪ ದಪ್ಪ ಮಾಡಿದ ಅವಳ ದನಿ ಕೇಳುತ್ತದೆ: "ಹೂಂ ಮೇಡಂ. ನಮ್ಮ ಒಪ್ಪಿಗೆ ಇದೆ. ಹೂಂ."